ಸೈನಿಕನ ಯುದ್ಧವನ್ನು ಕಥೆ, ಕವಿತೆಯಾಗಿ ಬರೆಯುವುದು ಹೇಗೆ

ಕೊಡಗಿನಲ್ಲಿ ಬರೆಯಲು ಶುರು ಮಾಡಿದವರು ಒಂದಲ್ಲ ಒಂದು ದಿನ ಸೈನಿಕನ ಕಥೆಗೆ ಕೈ ಹಾಕುತ್ತಾರೆ. ಹಾಕಲೇಬೇಕು. ಇಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೋ ಇದೆ, ಅಟ್ಟದ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆದ ಕಪ್ಪು ಟ್ರಂಕ್ ಇದೆ. ಮಡಿಕೇರಿ ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತವರು ನಿವೃತ್ತ ಸುಬೇದಾರ್ ಆಗಿರಬಹುದು. ಆದರೆ ಹುಡುಗರು ಬರೆದು ನನಗೆ ಓದಲು ಕೊಡುವ ಕಥೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮೊದಲ ಸಾಲಿನಲ್ಲೇ ಗುಂಡು, ಎರಡನೇ ಪುಟದಲ್ಲಿ ಭಾಷಣ, ಕೊನೆಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆ. ಬರೆದವರ ಪ್ರೀತಿ ಸುಳ್ಳಲ್ಲ. ಆದರೆ ಅಲ್ಲಿ ಆ ಮನುಷ್ಯ ಇರುವುದಿಲ್ಲ, ಅವನ ಫೋಟೋ ಮಾತ್ರ ಇರುತ್ತದೆ.

ನನಗೆ ಇದು ಅರ್ಥವಾಗಿದ್ದು ನನ್ನ ದೊಡ್ಡಪ್ಪನಿಂದ. ಅವರು 1971ರಲ್ಲಿ ಪಂಜಾಬ್ ಗಡಿಯಲ್ಲಿದ್ದರು, ಟೆಲಿಫೋನ್ ವೈರು ಎಳೆಯುವ ಕೆಲಸ. ಶೆಲ್ ಬಿದ್ದು ವೈರು ತುಂಡಾದರೆ ರಾತ್ರಿಯೇ ಹೋಗಿ ಜೋಡಿಸಬೇಕು. ನಾನು ಚಿಕ್ಕವನಾಗಿದ್ದಾಗ ಯುದ್ಧದ ಬಗ್ಗೆ ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ ಕಥೆ, ಅದೂ ಎಮ್ಮೆಗಳ ಕಥೆ. ಜನ ಬಿಟ್ಟು ಹೋಗಿದ್ದ ಒಂದು ಹಳ್ಳಿ. ಕೊಟ್ಟಿಗೆಯಲ್ಲಿ ಕಟ್ಟಿದ ಮೂರು ಎಮ್ಮೆ. ಎರಡು ದಿನದಿಂದ ಹಾಲು ಕರೆದಿಲ್ಲ, ಕೆಚ್ಚಲು ಕಲ್ಲಿನ ಹಾಗೆ ಬಿಗಿದಿದೆ, ಅವು ಕೂಗುತ್ತಿವೆ. ದೊಡ್ಡಪ್ಪ ರೈಫಲ್ ಗೋಡೆಗೆ ಒರಗಿಸಿ ಕೂತು ಮೂರನ್ನೂ ಕರೆದರಂತೆ. ಪಾತ್ರೆ ಇರಲಿಲ್ಲ. ಹಾಲನ್ನು ಸುಮ್ನೆ ನೆಲಕ್ಕೇ ಬಿಟ್ಟರು. ಕತ್ತಲಲ್ಲಿ ನೆಲ ಬೆಳ್ಳಗಾಯಿತು, ಅಷ್ಟೇ. ಅಲ್ಲಿಗೆ ಕಥೆ ಮುಗಿಯುತ್ತಿತ್ತು. 'ಆಮೇಲೆ? ಯುದ್ಧ?' ಅಂತ ನಾನು ಕೇಳಿದರೆ ಎದ್ದು ಹೋಗುತ್ತಿದ್ದರು. ಅವರಿಗೆ ಹೇಳಲು ಇಷ್ಟವಿಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಅವರು ಹೇಳುತ್ತಿದ್ದದ್ದೇ ಯುದ್ಧವನ್ನು.

ಆದ್ದರಿಂದ ಮೊದಲ ಕೆಲಸ, ಕೇಳುವುದು. ಕೇಳುವುದಕ್ಕೂ ಒಂದು ಕ್ರಮ ಇದೆ. 'ಎಷ್ಟು ಜನರನ್ನು ಹೊಡೆದಿರಿ', 'ಭಯ ಆಯಿತಾ' ಅಂತ ಯಾವತ್ತೂ ಕೇಳಬೇಡಿ. ಅಂಥ ಪ್ರಶ್ನೆಗೆ ಬರುವುದು ಶಾಲೆಯ ಆಗಸ್ಟ್ 15ರ ಭಾಷಣದ ಉತ್ತರ. ಏನು ತಿಂದಿರಿ, ಕಾಲಿಗೆ ಏನು ಹಾಕಿದ್ದಿರಿ, ಪಕ್ಕದಲ್ಲಿ ಯಾರು ಮಲಗುತ್ತಿದ್ದರು, ಮನೆಯ ಕಾಗದ ಎಷ್ಟು ದಿನಕ್ಕೆ ತಲುಪುತ್ತಿತ್ತು ಅಂತ ಕೇಳಿ. '56 ಎ.ಪಿ.ಒ.' ಅನ್ನುವ ಸೇನೆಯ ಅಂಚೆ ವಿಳಾಸ ಹೇಳಿದರೆ ಸಾಕು, ಇನ್‌ಲ್ಯಾಂಡ್ ಲೆಟರ್ ಬರೆದ ಕಾಲದವರ ಮುಖವೇ ಬದಲಾಗುತ್ತದೆ. ಎದುರು ಕೂತು ಫೋನಿನಲ್ಲಿ ರೆಕಾರ್ಡ್ ಮಾಡುವುದಕ್ಕಿಂತ ಅವರ ಜೊತೆ ಕೆಲಸ ಮಾಡುತ್ತಾ ಕೇಳಿ. ಕಾಫಿ ಒಣಗಿಸುವ ಕಣದಲ್ಲಿ ಇಬ್ಬರೂ ಹಲಗೆ ಎಳೆಯುತ್ತಿದ್ದರೆ ಮುಖ ನೋಡಬೇಕಾಗಿಲ್ಲ, ಆಗ ಮಾತು ತಾನಾಗಿ ಬರುತ್ತದೆ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಒಂದೇ ಕಥೆಯನ್ನು ಹತ್ತು ಸಲ ಹೇಳಿದರೂ ಹತ್ತು ಸಲವೂ ಕೇಳಿ, ಯಾವ ಸಲ ಏನು ಸೇರಿತು, ಏನು ಬಿಟ್ಟು ಹೋಯಿತು ಅಂತ ಗಮನಿಸಿ.

'ನಾನು ಯುದ್ಧಕ್ಕೆ ಹೋದವನಲ್ಲ, ಬರೆಯಬಹುದಾ' ಅಂತ ಹಲವರು ಕೇಳುತ್ತಾರೆ. ಬರೆಯಬಹುದು. ಅಮೆರಿಕದ ಅಂತರ್ಯುದ್ಧದ ಬಗ್ಗೆ ಬಂದ ಹೆಸರಾಂತ ಕಾದಂಬರಿಗಳಲ್ಲಿ ಒಂದನ್ನು ಬರೆದ ಸ್ಟೀಫನ್ ಕ್ರೇನ್ ಹುಟ್ಟಿದ್ದು 1871ರಲ್ಲಿ, ಅಂದರೆ ಆ ಯುದ್ಧ ಮುಗಿದು ಆರು ವರ್ಷ ಆದಮೇಲೆ. ಆ ಪುಸ್ತಕ ತುಂಬಾ ಇರುವುದು ಮೊದಲ ಸಲ ಕಾಳಗಕ್ಕೆ ಹೋಗಿ ಹೆದರಿ ಓಡಿದ ಒಬ್ಬ ಹುಡುಗನ ತಲೆಯೊಳಗಿನ ಗಲಾಟೆ. ನಮ್ಮಲ್ಲೂ ಪಂಪನ ಹಾಗೆ ಕತ್ತಿ ಹಿಡಿದು ಕಾವ್ಯವನ್ನೂ ಬರೆದವರಿದ್ದರು, ಆದರೆ ಎಲ್ಲರೂ ಹಾಗೇ ಆಗಬೇಕಿಲ್ಲ. ಹೋಗದವರು ಹೋಗಿಬಂದವರಿಗಿಂತ ಜಾಸ್ತಿ ವಿವರ ಕಲೆಹಾಕಬೇಕು ಅಷ್ಟೇ.

ವಿವರ ತಪ್ಪಿದರೆ ಸೈನಿಕ ಓದುಗ ಅಲ್ಲೇ ಪುಸ್ತಕ ಮಡಚುತ್ತಾನೆ. 1962ರ ಕಥೆಯಲ್ಲಿ ಕೈಯಲ್ಲಿರಬೇಕಾದ್ದು ಹಳೆಯ 303 ರೈಫಲ್, 1971ಕ್ಕೆ ಎಸ್.ಎಲ್.ಆರ್., ಕಾರ್ಗಿಲ್‌ಗೆ ಇನ್ಸಾಸ್. ಕಾಲಾಳು ಪಡೆಯಲ್ಲಿ ಸಿಪಾಯಿ ಅನ್ನುತ್ತಾರೆ, ಫಿರಂಗಿ ಪಡೆಯಲ್ಲಿ ಗನ್ನರ್, ಎಂಜಿನಿಯರ್ ಪಡೆಯಲ್ಲಿ ಸ್ಯಾಪರ್, ಟ್ಯಾಂಕ್ ಪಡೆಯಲ್ಲಿ ಸವಾರ್. ಹವಾಲ್ದಾರನನ್ನು ಯಾರೂ 'ಕ್ಯಾಪ್ಟನ್' ಅನ್ನುವುದಿಲ್ಲ. ಚಳಿಯನ್ನು 'ಮೈ ಕೊರೆಯುವ ಚಳಿ' ಅಂತ ಬರೆದು ಬಿಡಬೇಡಿ. 1962ರಲ್ಲಿ ಚೀನಾ ಗಡಿಯ ನಮಕಾ ಚು ಹೊಳೆಯ ದಂಡೆಯಲ್ಲಿ ಎಷ್ಟೋ ಜನ ಹತ್ತಿ ಯೂನಿಫಾರ್ಮ್, ಕ್ಯಾನ್ವಾಸ್ ಶೂ ಹಾಕಿಕೊಂಡು ಹಿಮದಲ್ಲಿ ನಿಂತಿದ್ದರು, ಆ ಒಂದು ಜೊತೆ ಶೂ ಬರೆದರೆ ಚಳಿ ತಾನೇ ಬರುತ್ತದೆ. ಸಿಯಾಚಿನ್‌ನಂಥ ಕಡೆ ಬರಿಗೈಯಲ್ಲಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗಿರುವುದಿಲ್ಲ, ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ಅಕ್ಕಿ ಊಟದ ನಮ್ಮೂರ ಹುಡುಗನಿಗೆ ಅರೆಬೆಂದ ಅನ್ನ ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ ನೋಡಿ. ಮಡಿಕೇರಿಯಲ್ಲೇ ಇದ್ದರೆ ಜನರಲ್ ತಿಮ್ಮಯ್ಯನವರ ಸನ್ನಿ ಸೈಡ್ ಮನೆಗೆ ಹೋಗಿ ಬನ್ನಿ, ಈಗ ಅದು ಮ್ಯೂಸಿಯಂ. ಹೋದಾಗ ಪದಕಗಳ ಮುಂದೆ ಕಡಿಮೆ ನಿಂತು, ದಿನಬಳಕೆಯ ಸಾಮಾನಿನ ಮುಂದೆ ಜಾಸ್ತಿ ಹೊತ್ತು ನಿಲ್ಲಿ.

ಇನ್ನು ಭಯದ ವಿಷಯ. ನಮ್ಮ ಹುಡುಗರು ಇದನ್ನು ಬರೆಯಲು ಹಿಂಜರಿಯುತ್ತಾರೆ, ಬರೆದರೆ ಅವಮಾನ ಮಾಡಿದ ಹಾಗೆ ಅಂತ. ಕನ್ನಡದ ಹಳೆಯ ಕವಿಗಳಿಗೆ ಈ ಹಿಂಜರಿಕೆ ಇರಲಿಲ್ಲ. ಕುಮಾರವ್ಯಾಸನ ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವ ಸೇನೆ ಕಂಡದ್ದೇ ರಥದಿಂದ ಧುಮುಕಿ ಓಡುತ್ತಾನೆ. ಎಲ್ಲರೂ ಅಲ್ಲಿ ನಗುತ್ತೇವೆ, ನಾನೂ ನಕ್ಕವನೇ. ಆದರೆ ಅದೇ ಹುಡುಗ ಆಮೇಲೆ ಅರ್ಜುನನ ರಥಕ್ಕೆ ಸಾರಥಿಯಾಗಿ ಅದೇ ಸೇನೆಯ ಎದುರಿಗೆ ಹೋಗುತ್ತಾನಲ್ಲ, ಅವನ ಕೈಯಲ್ಲಿ ಆ ಹಗ್ಗ ನಡುಗುತ್ತಿರಲಿಲ್ಲವಾ? ಕಥೆ ಬರೆಯುವವರಿಗೆ ಬೇಕಾದ್ದು ಆ ಕೈ. ರನ್ನ ಇನ್ನೂ ಮುಂದೆ ಹೋದ. ಅವನ ದುರ್ಯೋಧನ ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಹತ್ತಿರವೂ ನಿಂತು ಅಳುತ್ತಾನೆ. ಸೋತ ಕಡೆಯವನ ದುಃಖಕ್ಕೆ ಒಂದು ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಇಷ್ಟು ಜಾಗ ಇತ್ತು. ನಿಮ್ಮ ಕಥೆಯಲ್ಲೂ ಆ ಕಡೆಯವನಿಗೆ ಒಂದು ಮುಖ ಕೊಡಿ. ದೊಡ್ಡಪ್ಪ ಕರೆದ ಎಮ್ಮೆಗಳಿಗೂ ಯಾರೋ ಒಬ್ಬಳು ಹುಲ್ಲು ಹಾಕಿ, ಹೆಸರಿಟ್ಟು ಸಾಕಿದ್ದಳು.

ಕೊಡಗಿನವರು ಬರೆಯುವಾಗ ಇನ್ನೊಂದು ವಿಷಯ ಇದೆ, ಅದು ಬೇರೆ ಊರಿನವರಿಗೆ ಸಿಗದ್ದು. ನಮಗೆ ಬಂದೂಕು ಬರೀ ಯುದ್ಧದ ಸಾಮಾನಲ್ಲ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದಕ್ಕೆ ಹೂ ಇಟ್ಟು ಪೂಜೆ ಮಾಡುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡಿನ ಸದ್ದು. ಹೀಗೆ ಬೆಳೆದ ಹುಡುಗ ಗಡಿಯಲ್ಲಿ ಮೊದಲ ಸಲ ಗುಂಡು ಕೇಳಿದಾಗ ಏನು ಕೇಳಿಸಿಕೊಂಡಿರಬಹುದು? ಊರಿಗೆ ಮರಳಿದ ಮೇಲೆ ಪುತ್ತರಿಯ ಗುಂಡಿಗೆ ಏನು ಮಾಡಿರಬಹುದು? ನಮ್ಮ ಮನೆಯಲ್ಲಿ ಪುತ್ತರಿಯ ರಾತ್ರಿ ಎಲ್ಲರೂ 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾ ಗದ್ದೆಗೆ ಇಳಿಯುವಾಗ ದೊಡ್ಡಪ್ಪ ಮಾತ್ರ ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. ಹಸು ಬೆದರದಿರಲಿ ಅಂತ ನಿಂತಿದ್ದಾರೆ ಅಂದುಕೊಂಡಿದ್ದೆವು. ನಮ್ಮ ಹಸು ಆ ಸದ್ದಿಗೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ಬರೆಯುವ ರೀತಿಗೆ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಸಲ ದೊಡ್ಡಪ್ಪನ ಬಗ್ಗೆ ನಾನು ಬರೆದಿದ್ದು ಹೀಗಿತ್ತು: 'ಗುಂಡಿನ ಸುರಿಮಳೆಯ ನಡುವೆ ಎದೆಗುಂದದೆ ಮುನ್ನುಗ್ಗಿ ಆತ ಸಂಪರ್ಕವನ್ನು ಮರುಸ್ಥಾಪಿಸಿದ.' ಇದರಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಅವರನ್ನು ಮತ್ತೆ ಕೇಳಿ ತಿದ್ದಿದ್ದು ಇದು: 'ಟಾರ್ಚ್ ಹಾಕುವ ಹಾಗಿಲ್ಲ. ವೈರನ್ನು ಎಡಗೈಯಲ್ಲಿ ಜಾರಿಸುತ್ತಾ ನಡೆದ. ಮಂಜಿಗೆ ವೈರು ಒದ್ದೆಯಾಗಿತ್ತು. ಒಂದು ಕಡೆ ಕೈ ಖಾಲಿಯಾಯಿತು. ಅಲ್ಲೇ ಮಂಡಿಯೂರಿ ಇನ್ನೊಂದು ತುದಿಗಾಗಿ ನೆಲ ತಡವಿದ.' ಧೈರ್ಯ ಅನ್ನುವ ಪದ ಇಲ್ಲ, ಬೇಕಾಗಲೂ ಇಲ್ಲ. ನಿಮ್ಮ ಕರಡಿನಲ್ಲಿ ವೀರ, ಕೆಚ್ಚೆದೆ, ರುದ್ರ, ಭೀಕರ ಇಂಥ ಪದಗಳು ಎಲ್ಲಿ ಬಂದಿವೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಆ ಜಾಗದಲ್ಲಿ ಏನೋ ಒಂದು ನಿಮಗೆ ಗೊತ್ತಿರಲಿಲ್ಲ ಅಂತ ಅರ್ಥ. ಹೋಗಿ ಕೇಳಿ ಬನ್ನಿ.

ಕವಿತೆಯಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಕೊನೆಯ ಸಾಲಿನಲ್ಲಿ ಎಲ್ಲವನ್ನೂ ಹೇಳಿಬಿಡುವ ಆಸೆ ಬರುತ್ತದೆ. ನಾನು ಬರೆದಿದ್ದು:

ಸಂಜೆ ಹಾಲು ಕರೆವಾಗ
ದೊಡ್ಡಪ್ಪ ಮಾತಾಡುವುದಿಲ್ಲ
ತಂಬಿಗೆ ತುಂಬುವ ತನಕ
ಹಾಲಿನ ಸದ್ದೊಂದೇ

ಇದಕ್ಕೆ 'ಎದೆಯೊಳಗೆ ಇನ್ನೂ ಮುಗಿಯದ ಯುದ್ಧ' ಅಂತ ಐದನೇ ಸಾಲು ಇತ್ತು. ತೆಗೆದೆ. ತೆಗೆದ ಮೇಲೆ ತಂಬಿಗೆಗೆ ಹಾಲು ಬೀಳುವುದು ಕೇಳಿಸತೊಡಗಿತು.

ಮನೆಯಲ್ಲಿ ಕಾಯುವವರನ್ನೂ ಬರೆಯಿರಿ, ಅವರಿಗೂ ಅದು ಯುದ್ಧವೇ. ಮಡಿಕೇರಿಯಲ್ಲಿ ಪ್ರತಿಮೆ ಇರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅಲ್ಲಿ ಏನಾಯಿತು ಅಂತ ವರ್ಷಗಟ್ಟಲೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ. ಅಂಥ ಕಾಯುವಿಕೆಯಲ್ಲಿ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತದೆ, ಬಾಗಿಲ ಸದ್ದಾದಾಗ ಯಾರು ಏಳುತ್ತಾರೆ ಅಂತ ಯೋಚಿಸಿ ಒಂದು ಕಥೆ ಬರೆಯಬಹುದು. ಆದರೆ ನಿಜವಾದ ಕುಟುಂಬವೊಂದರ ನೋವನ್ನು ಎತ್ತಿಕೊಳ್ಳಬೇಡಿ. ಅದರಿಂದ ಕಲಿತು, ಬೇರೆ ಮನೆಯನ್ನೇ ಕಟ್ಟಿ.

ಹೇಳಲಾಗದ್ದನ್ನು ಸೈನಿಕ ಹೇಗೆ ಹೇಳುತ್ತಾನೆ ಅನ್ನುವುದಕ್ಕೆ ಕಾಗದಗಳೇ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷ್ ಸೆನ್ಸಾರ್ ಓದುತ್ತಿತ್ತು. ಅದಕ್ಕೆ ಅವರು ಮೆಣಸಿನ ಭಾಷೆ ಹುಡುಕಿಕೊಂಡರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಖಾಲಿಯಾಗುತ್ತಿದೆ ಅಂತ ಬರೆದರೆ ಊರಿನವರು ಅರ್ಥ ಮಾಡಿಕೊಳ್ಳಬೇಕು. ಮೆಣಸಿನ ಬಳ್ಳಿಯ ನಡುವೆ ಬದುಕುವ ನಾವು ಇದನ್ನು ಓದಿದರೆ ಕೈಕಾಲು ತಣ್ಣಗಾಗುತ್ತದೆ. ನಿಮ್ಮ ಸೈನಿಕನಿಗೂ ಇಂಥ ಒಂದು ಮೆಣಸು ಇದ್ದೇ ಇರುತ್ತದೆ, ಹುಡುಕಿ.

ಕೊನೆಯ ಕೆಲಸವನ್ನು ಬಿಡಲೇಬೇಡಿ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ಹೇಳಿ. ಬೇಡ ಅಂದ ಭಾಗವನ್ನು ತೆಗೆಯಿರಿ, ವಾದ ಮಾಡಬೇಡಿ. ನಾನು ಎಮ್ಮೆಯ ಕಥೆಯನ್ನು ಓದಿದ್ದು ಒಂದು ಸಂಜೆ, ನಮ್ಮ ಕಣದ ಪಕ್ಕದಲ್ಲಿ. ದೊಡ್ಡಪ್ಪ ಪೂರ್ತಿ ಕೇಳಿದರು. ಆಮೇಲೆ ನೆಲ ನೋಡುತ್ತಾ, 'ಮೂರಲ್ಲ, ನಾಲ್ಕು' ಅಂದರು. ಹಾಗಾದರೆ ನಾಲ್ಕನ್ನೂ ಕರೆದಿರಾ ಅಂತ ಕೇಳಿದೆ. 'ಇಲ್ಲ. ಅಷ್ಟರಲ್ಲಿ ಶೆಲ್ ಬೀಳಲು ಶುರುವಾಯಿತು. ಅದರ ಹಗ್ಗವನ್ನೂ ಬಿಚ್ಚಲಿಲ್ಲ ನಾನು.' ಸ್ವಲ್ಪ ಹೊತ್ತು ಕೂತಿದ್ದು, ಇಬ್ಬನಿ ಬೀಳುವ ಮೊದಲು ಕಾಫಿಗೆ ಟಾರ್ಪಾಲ್ ಹೊದಿಸಬೇಕು ಅಂತ ಎದ್ದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ.