ಶಾಯಿ ಯಾವುದೆಂದು ತಿಳಿದ ಮೇಲೆಯೇ ಕಲೆಗೆ ಕೈಹಾಕಿದೆ: ನನ್ನ ಅನುಭವ

ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ನಮ್ಮ ಯಜಮಾನರು ಕಚೇರಿಗೆ ಬಿಳಿ ಅಂಗಿಯನ್ನೇ ತೊಟ್ಟುಕೊಂಡು ಹೋಗುವವರು. ಮಗ ಶಾಯಿಪೆನ್ನಿನಲ್ಲಿಯೇ ಬರೆಯಬೇಕೆಂದು ಹಟ ಹಿಡಿದವನು. ಹೀಗಾಗಿ ಶಾಯಿಯ ಕಲೆ ನಮ್ಮ ಮನೆಗೆ ಹೊಸದಲ್ಲ. ನಿಂಬೆ, ಉಪ್ಪು, ಹಾಲು, ಮೊಸರು, ಅಂಟುವಾಳ ಎಂದು ಮನೆಯಲ್ಲಿ ಕೈಗೆ ಸಿಗುವ ವಸ್ತುಗಳನ್ನೆಲ್ಲ ಹಲವು ವರ್ಷಗಳಿಂದ ಬಳಸಿ ನೋಡಿದ್ದೇನೆ. ಕೆಲವು ಬಟ್ಟೆಗಳನ್ನು ಉಳಿಸಿಕೊಂಡಿದ್ದೇನೆ, ಕೆಲವನ್ನು ಕೆಡಿಸಿಕೊಂಡಿದ್ದೇನೆ. ಕೆಡಿಸಿಕೊಂಡದ್ದೆಲ್ಲವೂ ಒಂದೇ ಕಾರಣದಿಂದ: ಬಟ್ಟೆಯ ಮೇಲೆ ಬಿದ್ದಿರುವ ಶಾಯಿ ಯಾವ ಬಗೆಯದು ಎಂದು ಕೇಳಿಕೊಳ್ಳದೆಯೇ ಕಲೆಯನ್ನು ಉಜ್ಜಲು ತೊಡಗಿದ್ದರಿಂದ.

ಮೊದಲು ಕೆಟ್ಟದ್ದು ಯಜಮಾನರ ಅಂಗಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಜೇಬಿನಲ್ಲಿದ್ದ ಬಾಲ್‌ಪೆನ್ನಿನ ರೀಫಿಲ್ ಒಸರಿ, ಜೇಬಿನ ತಳದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ನೀಲಿ ಕಲೆಯಾಗಿತ್ತು. "ನಿಂಬೆಹಣ್ಣು ಹಚ್ಚಿಡಮ್ಮ, ಹೋಗುತ್ತೆ" ಎಂದರು ಅತ್ತೆಯವರು. ನಾನು ನಿಂಬೆರಸ ಹಿಂಡಿ, ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿ, ಸೋಪಿನ ಪುಡಿ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿದೆ. ಕಲೆ ಅಂಗೈಯಗಲ ಹರಡಿ ತಿಳಿ ನೇರಳೆಯಾಯಿತು. ಒಣಗಿದ ಮೇಲೆ ಇಸ್ತ್ರಿಯನ್ನೂ ಹಾಕಿಬಿಟ್ಟೆ. ಆಮೇಲೆ ಅದು ಯಾವುದಕ್ಕೂ ಜಗ್ಗಲಿಲ್ಲ. ಅತ್ತೆಯವರ ಮಾತು ಸುಳ್ಳಾಗಿರಲಿಲ್ಲ. ಅವರು ತಮ್ಮ ಕಾಲದ ಶಾಯಿಗೆ ಸಲ್ಲುವ ಮದ್ದನ್ನು ಹೇಳಿದ್ದರು, ನಾನು ಅದನ್ನು ಬೇರೆ ಶಾಯಿಗೆ ಹಚ್ಚಿದ್ದೆ.

ಇದು ನನಗೆ ಸ್ಪಷ್ಟವಾದದ್ದು ಬೇಸಿಗೆ ರಜೆಯಲ್ಲಿ. ಹಳೆಯ ಬಿಳಿ ಹತ್ತಿಯ ಹಾಸುಹೊದಿಕೆಯೊಂದನ್ನು ತುಂಡು ತುಂಡಾಗಿ ಹರಿದು, ಮಗನ ಪೆನ್ನಿನ ನೀಲಿ ಶಾಯಿ, ಮಾವನವರ ಮೇಜಿನಲ್ಲಿ ಉಳಿದಿದ್ದ ಹಳೆಯ ಕಪ್ಪುನೀಲಿ ಶಾಯಿ, ಬಾಲ್‌ಪೆನ್, ಕಪ್ಪು ಜೆಲ್‌ಪೆನ್ ಇವುಗಳ ಕಲೆಯನ್ನು ಬೇರೆ ಬೇರೆ ತುಂಡುಗಳ ಮೇಲೆ ಮಾಡಿ, ಒಂದೊಂದಕ್ಕೂ ತಣ್ಣೀರು, ಹಾಲು, ಉಪ್ಪು ಬೆರೆಸಿದ ನಿಂಬೆರಸ ಮತ್ತು ಸ್ಪಿರಿಟ್ಟನ್ನು ಪ್ರಯೋಗಿಸಿ ನೋಡಿದೆ.

ಮಗನ ನೀಲಿ ಶಾಯಿ ಎಲ್ಲಕ್ಕಿಂತ ಸುಲಭದ್ದು. ಅದರ ಬಣ್ಣ ನೀರಿನಲ್ಲಿ ಕರಗುವಂಥದ್ದಾದ್ದರಿಂದ, ಕಲೆ ಹಸಿಯಾಗಿರುವಾಗಲೇ ಬಟ್ಟೆಯನ್ನು ತಿರುವಿಹಾಕಿ ಹಿಂಬದಿಯಿಂದ ನಲ್ಲಿಯ ತಣ್ಣೀರು ಬಿಟ್ಟರೆ ಬಹುಪಾಲು ಹರಿದುಹೋಗುತ್ತದೆ. ಹಾಲಿನಲ್ಲಿ ರಾತ್ರಿಯಿಡೀ ನೆನೆಸಿದ ತುಂಡಿಗೂ ನೀರಿನಲ್ಲಿ ನೆನೆಸಿದ ತುಂಡಿಗೂ ನನ್ನ ಕಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಾಲ್‌ಪೆನ್ನಿನ ಕಲೆಯ ಮೇಲಂತೂ ಹಾಲು ತುಸು ನೀಲಿಯಾಯಿತೇ ಹೊರತು ಕಲೆ ಇದ್ದಲ್ಲೇ ಇತ್ತು, ಬಟ್ಟೆಗೆ ಹುಳಿವಾಸನೆ ಬೇರೆ ಹತ್ತಿತು. ಹಾಲನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ನಾನು ಮಾತ್ರ ಅಂದಿನಿಂದ ಹಾಲನ್ನು ಕಾಫಿಗೇ ಇಟ್ಟುಕೊಂಡಿದ್ದೇನೆ.

ಅತ್ತೆಯವರ ನಿಂಬೆಹಣ್ಣಿಗೆ ಮಾನ ಬಂದದ್ದು ಕಪ್ಪುನೀಲಿ ಶಾಯಿಯ ತುಂಡಿನಲ್ಲಿ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರು. ಕಾಯಿಯ ಒಗರು ಮತ್ತು ಅನ್ನಭೇದಿಯ ಕಬ್ಬಿಣ ಕೂಡಿ, ಗಾಳಿ ತಗುಲಿದಂತೆಲ್ಲ ಕಪ್ಪಾಗಿ, ಕಾಗದಕ್ಕೆ ಕಚ್ಚಿಕೊಳ್ಳುತ್ತಿತ್ತು. ಹಳೆಯ ಕಪ್ಪುನೀಲಿ ಶಾಯಿಗಳ ಗುಟ್ಟೂ ಇದೇ. ಆ ತುಂಡನ್ನು ನೀರಿನಲ್ಲಿ ತೊಳೆದಾಗ ನೀಲಿ ಹೋಗಿ ಬೂದುಬಣ್ಣದ ಕಲೆ ಉಳಿಯಿತು. ಅದು ತುಕ್ಕಿಗೆ ಹತ್ತಿರದ, ಕಬ್ಬಿಣದ ಕಲೆ. ಒಂದು ಹೋಳು ನಿಂಬೆಯ ರಸಕ್ಕೆ ಅರ್ಧ ಚಮಚ ಪುಡಿಯುಪ್ಪು ಕದಡಿ ಅದರ ಮೇಲೆ ಹಾಕಿ, ಎಳೆಬಿಸಿಲಿನಲ್ಲಿ ಒಣಗಲು ಬಿಡದೆ ಆಗಾಗ ರಸ ಹನಿಸುತ್ತ ಅರ್ಧ ಗಂಟೆ ಇಟ್ಟೆ. ನಿಂಬೆಯ ಹುಳಿ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಮೂರನೆಯ ಸಲಕ್ಕೆ ಕಲೆ ಕಾಣದಾಯಿತು. ಹುಣಸೆಹುಳಿಯೂ ಇದೇ ಕೆಲಸ ಮಾಡಬಲ್ಲದಾದರೂ ತನ್ನದೇ ಕಂದುಬಣ್ಣವನ್ನು ಬಿಳಿಬಟ್ಟೆಗೆ ಹತ್ತಿಸೀತು, ಆದ್ದರಿಂದ ಅದನ್ನು ತಾಮ್ರದ ಚೊಂಬಿಗಷ್ಟೇ ಬಳಸುತ್ತೇನೆ. ನಿಂಬೆರಸ ಬಣ್ಣದ ಬಟ್ಟೆಯನ್ನು ಮಾಸಿಸುವುದುಂಟು; ಸೆರಗಿನ ಒಳಮಡಿಕೆಯಲ್ಲೋ ಅಂಗಿಯ ಒಳಹೊಲಿಗೆಯಲ್ಲೋ ಒಂದು ಹನಿ ಹಾಕಿ ನೋಡದೆ ಮುಂದುವರಿಯುವುದಿಲ್ಲ. ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನಿಂಬೆಯನ್ನಾಗಲಿ ವಿನೆಗರನ್ನಾಗಲಿ ಬಳಸಿದ ಬಟ್ಟೆಗೆ ಅದೇ ಹೊತ್ತಿನಲ್ಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಖಂಡಿತ ತಗುಲಿಸಬಾರದು. ಹುಳಿಯೂ ಬ್ಲೀಚೂ ಸೇರಿದರೆ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ.

ಬಾಲ್‌ಪೆನ್ನಿನ ಶಾಯಿ ಎಣ್ಣೆಯ ಹಾಗೆ ಅಂಟಾದದ್ದು, ನೀರನ್ನು ಹತ್ತಿರಕ್ಕೆ ಸೇರಿಸುವುದಿಲ್ಲ. ಅದಕ್ಕೆ ಸ್ಪಿರಿಟ್ಟೇ ಆಗಬೇಕು. ಇದು ಅಡುಗೆಮನೆಯ ವಸ್ತುವಲ್ಲ, ನಿಜ. ಆದರೂ ಕಬ್ಬಿನ ಕಾಕಂಬಿಯಿಂದ ತೆಗೆಯುವ ಎಥನಾಲ್ ಹಲವು ಬಗೆಯ ಸ್ಯಾನಿಟೈಸರ್‌ಗಳಲ್ಲಿದ್ದು, ಈಗ ಬಹಳಷ್ಟು ಮನೆಗಳಲ್ಲಿ ಅದರ ಬಾಟಲಿ ಸಿಗುತ್ತದೆ. ಬಣ್ಣವಿಲ್ಲದ, ನೀರಿನಂತೆ ತೆಳುವಾದ ಸ್ಯಾನಿಟೈಸರನ್ನೇ ನಾನು ಆರಿಸಿಕೊಳ್ಳುತ್ತೇನೆ. ಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆಯ ಹತ್ತಿರವೂ ದೇವರ ದೀಪದ ಹತ್ತಿರವೂ ಕೂರದೆ ಹಿತ್ತಲ ಜಗಲಿಯಲ್ಲಿ ಕೂರುತ್ತೇನೆ.

ಎರಡನೆಯ ಅಂಗಿಯನ್ನು ಉಳಿಸಿಕೊಂಡದ್ದು ಹೀಗೆ. ಸ್ಟೀಲ್ ತಟ್ಟೆಯ ಮೇಲೆ ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಕಲೆಯ ಮುಖ ಪಂಚೆಗೆ ತಾಗುವಂತೆ ಅಂಗಿಯನ್ನು ಮಗುಚಿಹಾಕಿದೆ. ಹಿಂಬದಿಯಿಂದ ಒಂದೊಂದೇ ಹನಿ ಬಿಟ್ಟು, ಹತ್ತಿಯ ಉಂಡೆಯಿಂದ ಉಜ್ಜದೆ ಒತ್ತಿದೆ. ಹನಿ ಬಿದ್ದೊಡನೆ ನೀಲಿಯ ಸುತ್ತ ನೇರಳೆಯ ಬಳೆಯೊಂದು ಮೂಡಿ ಹೊರಕ್ಕೆ ಸರಿಯತೊಡಗಿತು. ತರಗತಿಯಲ್ಲಿ ಶೋಧಕ ಕಾಗದದ ಮೇಲೆ ಶಾಯಿಯ ಬಣ್ಣಗಳನ್ನು ಬೇರ್ಪಡಿಸಿ ಮಕ್ಕಳಿಗೆ ತೋರಿಸುವ ಪ್ರಯೋಗವೇ ಕಣ್ಣೆದುರು ಬಟ್ಟೆಯ ಮೇಲೆ ನಡೆಯುತ್ತಿತ್ತು. ಆ ಬಳೆಯನ್ನು ಹರಡಲು ಬಿಟ್ಟದ್ದೇ ಮೊದಲ ಅಂಗಿಗೆ ಮುಳುವಾದದ್ದು. ಈ ಸಲ ಕಲೆಯ ಹೊರಅಂಚಿನಿಂದ ಒಳಕ್ಕೆ ಬರುತ್ತ, ಪಂಚೆಯ ಮೇಲೆ ನೀಲಿ ಮುದ್ರೆ ಬಿದ್ದಾಗಲೆಲ್ಲ ಅಂಗಿಯನ್ನು ಸ್ವಚ್ಛ ಜಾಗಕ್ಕೆ ಸರಿಸಿದೆ. ಮುದ್ರೆಗಳು ಒಂದಕ್ಕಿಂತ ಒಂದು ತಿಳಿಯಾಗುತ್ತ ಹೋದವು. ಹನ್ನೊಂದನೆಯದು ಕಂಡೂ ಕಾಣದಂತಿತ್ತು. ಉಳಿದ ಛಾಯೆಗೆ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಕಲೆ ಪೂರ್ತಿ ಹೋಯಿತೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಇಸ್ತ್ರಿ ಹಾಕಿದೆ. ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು.

ಕಪ್ಪು ಜೆಲ್‌ಪೆನ್ನಿನ ಕಲೆ ನನ್ನ ಕೈಯಲ್ಲಿ ಪೂರ್ತಿ ಹೋದದ್ದಿಲ್ಲ. ಇಂಥ ಹಲವು ಶಾಯಿಗಳಲ್ಲಿ ಕರಗುವ ಬಣ್ಣದ ಬದಲು ಕರಗದ ಸಣ್ಣ ಕಣಗಳಿದ್ದು, ಅವು ನೂಲಿನ ಎಳೆಗಳ ನಡುವೆ ಕೂತುಬಿಡುತ್ತವೆ. ಹಸಿಯಿದ್ದಾಗಲೇ ಸೋಪುನೀರಿನಿಂದ ಒತ್ತಿ ತೆಗೆದಷ್ಟೇ ಲಾಭ.

ರೇಷ್ಮೆಯ ಸೀರೆಗೆ ನಿಂಬೆಯನ್ನೂ ಸೋಡಾವನ್ನೂ ನಾನು ಮುಟ್ಟಿಸುವುದಿಲ್ಲ. ನೆನೆಸಿ ಕಿವುಚಿ ಸೋಸಿದ ಅಂಟುವಾಳದ ನೊರೆಯನ್ನು ಮೆಲ್ಲಗೆ ಒತ್ತಿ ನೋಡುತ್ತೇನೆ. ಅದಕ್ಕೆ ಬಗ್ಗದಿದ್ದರೆ ಡ್ರೈಕ್ಲೀನಿಂಗಿಗೆ ಕೊಡುವಾಗ ಯಾವ ಪೆನ್ನಿನ ಕಲೆಯೆಂದು ಚೀಟಿ ಬರೆದು ಅಂಟಿಸುತ್ತೇನೆ.

ಇಷ್ಟೆಲ್ಲ ಕಲಿತ ಮೇಲೂ ಒಮ್ಮೆ ಎಡವಿದೆ. ಚುನಾವಣಾ ಕರ್ತವ್ಯದಲ್ಲಿದ್ದಾಗ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯ ಒಂದು ಹನಿ ನನ್ನ ತಿಳಿಹಳದಿ ಹತ್ತಿಸೀರೆಯ ನೆರಿಗೆಯ ಮೇಲೆ ಬಿತ್ತು. 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ದೇಶದ ಚುನಾವಣೆಗಳಿಗೆ ಒದಗಿಸುತ್ತ ಬಂದಿರುವ ಶಾಯಿ ಅದು. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಅದು ಬೆಳಕಿಗೆ ಕಪ್ಪಾಗುತ್ತದೆ ಎಂದು ಪಾಠ ಹೇಳುವ ನಾನೇ, ರಾತ್ರಿ ದಣಿದು ಮನೆಗೆ ಬಂದವಳು ರೂಢಿಯ ಮೇಲೆ ನಿಂಬೆರಸ, ಉಪ್ಪು ಹಚ್ಚಿಟ್ಟು, ಬೆಳಗ್ಗೆ ಬಿಸಿಲಿಗೆ ಹರವಿದೆ. ಉಪ್ಪು ತಗುಲಿದ ಬೆಳ್ಳಿಯ ಅಂಶ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬಿಸಿಲು ಅದನ್ನು ಮತ್ತಷ್ಟು ಕಪ್ಪಾಗಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ನೇರಳೆಯಾಗಿದ್ದ ಚುಕ್ಕೆ ಕಾಡಿಗೆಯಂತಾಗಿತ್ತು. ಅಡುಗೆಮನೆಯ ಯಾವ ವಸ್ತುವಿನಿಂದಲೂ ಅದು ಕದಲಲಿಲ್ಲ. ಕೊನೆಗೆ ಧಾರವಾಡದ ಕಡೆಯ ಪಕ್ಕದ ಮನೆಯ ಅಕ್ಕ ಆ ಚುಕ್ಕೆಯ ಮೇಲೆ ಕಪ್ಪು ದಾರದಲ್ಲಿ ಕಸೂತಿಯ ಸಣ್ಣದೊಂದು ಗೋಪುರವನ್ನೂ, ಒಂಟಿಯಾಗಿ ಕಾಣಬಾರದೆಂದು ನೆರಿಗೆಯುದ್ದಕ್ಕೂ ಅಂಥವೇ ಇನ್ನಾರನ್ನೂ ಹಾಕಿಕೊಟ್ಟರು. ಆ ಸೀರೆಯನ್ನು ಈಗಲೂ ಉಡುತ್ತೇನೆ.