1600 ಮೀಟರ್ ಓಟಕ್ಕೆ ಸಿದ್ಧರಾಗುವ ಬಗೆ: ಮೊದಲು ಅಳತೆ, ಆಮೇಲೆ ತರಬೇತಿ

ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಿ ಮುಗಿಸಬೇಕಾಗುತ್ತದೆ. ಇದರೊಂದಿಗೆ ಜಿಗಿತ ಮತ್ತು ಗುಂಡು ಎಸೆತವೂ ಇರುತ್ತವೆ. ಹುದ್ದೆಗೆ ತಕ್ಕಂತೆ ಮಾನದಂಡ ಬದಲಾಗಬಹುದಾದ್ದರಿಂದ ಆಯಾ ಅಧಿಸೂಚನೆಯನ್ನು ಓದಿಯೇ ಗುರಿಯನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲಿ ಮುಖ್ಯವಾಗಿ 1600 ಮೀಟರ್ ಓಟದ ಬಗ್ಗೆ ಹೇಳುತ್ತೇನೆ, ಏಕೆಂದರೆ ಬೆಳಗಿನ ಜಾವ ಎದ್ದು ತಿಂಗಳುಗಟ್ಟಲೆ ಓಡಿಯೂ ಕೆಲವೇ ಸೆಕೆಂಡುಗಳಲ್ಲಿ ಅವಕಾಶ ಕಳೆದುಕೊಳ್ಳುವ ಯುವಕರ ಶ್ರಮ ವ್ಯರ್ಥವಾಗಬಾರದು.

ಮೊದಲ ದಿನ ಮಾಡಬೇಕಾದದ್ದು ತರಬೇತಿಯಲ್ಲ, ಅಳತೆ. ಶಾಲೆಯ ಮೈದಾನದಲ್ಲಿ ಓಡುವವರು ಅಳತೆ ಟೇಪ್ ಹಿಡಿದು ಸುತ್ತಿನ ಉದ್ದವನ್ನು ಖಚಿತಪಡಿಸಿಕೊಳ್ಳಬೇಕು. ಸಣ್ಣ ಸುತ್ತುಗಳಲ್ಲಿ ಮೊಬೈಲ್ ಆ್ಯಪ್ ತೋರಿಸುವ ದೂರವನ್ನು ನಂಬುವಂತಿಲ್ಲ. ಬಳಿಕ ಹತ್ತು ನಿಮಿಷ ನಿಧಾನವಾಗಿ ಓಡಿ ಮೈ ಬೆಚ್ಚಗಾದ ಮೇಲೆ, 12 ನಿಮಿಷಗಳಲ್ಲಿ ಎಷ್ಟು ದೂರ ಕ್ರಮಿಸಬಲ್ಲಿರಿ ಎಂಬುದನ್ನು ನೋಡಬೇಕು. ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಓಡಿದ ಮೀಟರುಗಳಿಂದ 504.9 ಕಳೆದು 44.73ರಿಂದ ಭಾಗಿಸಿದರೆ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಮಿಲಿಲೀಟರ್ ಆಮ್ಲಜನಕವನ್ನು ಬಳಸಬಲ್ಲಿರಿ ಎಂಬ ಅಂದಾಜು ಸಿಗುತ್ತದೆ. 2400 ಮೀಟರ್ ಓಡಿದವರಿಗೆ ಅದು ಸುಮಾರು 42. 12 ನಿಮಿಷದಲ್ಲಿ 2000 ಮೀಟರ್ ಓಡುವವರು ಅದೇ ವೇಗದಲ್ಲಿ 1600 ಮುಗಿಸಲು 9 ನಿಮಿಷ 36 ಸೆಕೆಂಡು ಬೇಕು. ಅಂಥವರಿಗೆ ಆರಂಭದಲ್ಲಿ ವೇಗದ ಓಟಕ್ಕಿಂತ ದೂರದ ಓಟದ ಅಡಿಪಾಯವೇ ಮುಖ್ಯ. 2800ರ ಹತ್ತಿರ ಬಂದವರಿಗೆ ಗುರಿ ಕೈಗೆಟುಕುವಂತಿದೆ ಎಂಬುದು ನನ್ನ ಲೆಕ್ಕಾಚಾರ.

ನಾಲ್ಕು ವಾರಗಳಿಗೊಮ್ಮೆ ಇದೇ ಪರೀಕ್ಷೆಯನ್ನು ಅದೇ ಮೈದಾನದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಬೂಟು ತೊಟ್ಟು, ಹಿಂದಿನ ದಿನ ವಿಶ್ರಾಂತಿ ಪಡೆದು ಮಾಡಬೇಕು. ಒಮ್ಮೆ ಮುಂಜಾನೆಯ ತಂಪಿನಲ್ಲಿ, ಇನ್ನೊಮ್ಮೆ ಬಿಸಿಲೇರಿದ ಮೇಲೆ ಓಡಿ ಎರಡನ್ನೂ ಹೋಲಿಸಿದರೆ ತಿಳಿಯುವುದು ಹವೆಯ ವ್ಯತ್ಯಾಸವೇ ಹೊರತು ನಿಮ್ಮ ಪ್ರಗತಿಯಲ್ಲ.

ದೇಹವು ತನಗೆ ರೂಢಿಯಾದುದಕ್ಕಿಂತ ಸ್ವಲ್ಪ ಹೆಚ್ಚಿನ ಹೊರೆ ಬಿದ್ದಾಗ ಮಾತ್ರ ಬಲಗೊಳ್ಳುತ್ತದೆ, ಮತ್ತು ಆ ಬಲ ಕೂಡುವುದು ಓಡುವಾಗಲ್ಲ, ಓಡಿದ ನಂತರದ ವಿಶ್ರಾಂತಿಯಲ್ಲಿ. ಇದನ್ನು ಮರೆತು ದಿನವೂ ಪೂರ್ತಿ ವೇಗದಲ್ಲಿ 1600 ಮೀಟರ್ ಓಡುವುದೇ ನಾನು ಕಂಡಿರುವ ಅತಿ ಸಾಮಾನ್ಯ ತಪ್ಪು. ವಾರದಲ್ಲಿ ಐದು ದಿನ ಓಡುವುದಾದರೆ ಮೂರು ದಿನ ಜೊತೆಗಾರನೊಡನೆ ಮಾತನಾಡುತ್ತ ಓಡಬಲ್ಲಷ್ಟು ನಿಧಾನವಾಗಿ 4ರಿಂದ 6 ಕಿಲೋಮೀಟರ್ ಸಾಗಬೇಕು. ಉಳಿದ ಎರಡು ದಿನ, ನಡುವೆ ಕನಿಷ್ಠ ಒಂದು ದಿನದ ಅಂತರವಿಟ್ಟು, ಗುರಿಯ ವೇಗವನ್ನು ಕಾಲುಗಳಿಗೆ ಕಲಿಸಬೇಕು. 6 ನಿಮಿಷ 30 ಸೆಕೆಂಡು ಎಂದರೆ 400 ಮೀಟರಿನ ಪ್ರತಿ ಸುತ್ತಿಗೆ 97.5 ಸೆಕೆಂಡು, ಆದ್ದರಿಂದ 95 ಸೆಕೆಂಡಿನಂತೆ ನಾಲ್ಕು ಸುತ್ತು, ಪ್ರತಿ ಸುತ್ತಿನ ನಂತರ ಮೂರು ನಿಮಿಷದ ನಡಿಗೆ. ಇದು ಸಲೀಸಾದಾಗ ಒಂದು ಸುತ್ತು ಹೆಚ್ಚಿಸಬೇಕು, ಇಲ್ಲವೇ ನಡಿಗೆಯನ್ನು ಎರಡು ನಿಮಿಷಕ್ಕಿಳಿಸಬೇಕು. ಎರಡನ್ನೂ ಒಂದೇ ವಾರದಲ್ಲಿ ಮಾಡಬಾರದು. ಒಟ್ಟು ದೂರವನ್ನು ವಾರಕ್ಕೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಏರಿಸದಿರುವುದು ಕ್ಷೇಮ. ಟಾರು ರಸ್ತೆಯ ಮೇಲೆ ಏಕಾಏಕಿ ದೂರ ಹೆಚ್ಚಿಸಿದವರಿಗೆ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನುದ್ದಕ್ಕೂ ನೋವು ಕಾಣಿಸಿಕೊಳ್ಳುವುದುಂಟು. ಮಣ್ಣಿನ ನೆಲ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಓಟದಿಂದ ಗುಂಡು ಎಸೆತ ಸುಧಾರಿಸದು. ಯಾವುದನ್ನು ಅಭ್ಯಾಸ ಮಾಡುತ್ತೇವೆಯೋ ದೇಹ ಅದಕ್ಕೇ ಒಗ್ಗುವುದರಿಂದ, ಎಸೆತ ಮತ್ತು ಜಿಗಿತಗಳಿಗೆ ವಾರದಲ್ಲಿ ಎರಡು ಪ್ರತ್ಯೇಕ ಅವಧಿಗಳನ್ನು ಮೀಸಲಿಡಬೇಕು.

ಬೆಳಿಗ್ಗೆ ಎದ್ದೊಡನೆ, ಹಾಸಿಗೆಯಲ್ಲಿರುವಾಗಲೇ ಒಂದು ನಿಮಿಷದ ನಾಡಿಬಡಿತವನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡಿ. ವಾಡಿಕೆಗಿಂತ ಏಳೆಂಟು ಬಡಿತ ಹೆಚ್ಚಾಗಿದ್ದು ಎರಡು ಮೂರು ದಿನ ಹಾಗೆಯೇ ಉಳಿದರೆ, ದೇಹ ಚೇತರಿಸಿಕೊಂಡಿಲ್ಲ ಅಥವಾ ಜ್ವರ ಬರುವ ಸೂಚನೆ ಇದೆ ಎಂದು ತಿಳಿದು ವೇಗದ ಓಟವನ್ನು ಕೈಬಿಡಬೇಕು. ಓಡುವಾಗ ಎದೆನೋವು ಬಂದರೆ ಅಥವಾ ತಲೆ ಸುತ್ತಿ ಬಿದ್ದರೆ, ವೈದ್ಯರು ಒಪ್ಪುವವರೆಗೆ ಮತ್ತೆ ಓಡಲೇಬಾರದು. ಗೆಳೆಯನು ಓಡುವಷ್ಟೇ ನೀವೂ ಓಡಬೇಕೆಂದಿಲ್ಲ. ವಯಸ್ಸು, ನಿದ್ರೆ, ಹಗಲಿನ ಕೂಲಿ ಅಥವಾ ಹೊಲದ ಕೆಲಸ, ಇವೆಲ್ಲವೂ ಹೊರೆಯ ಲೆಕ್ಕಕ್ಕೆ ಸೇರುತ್ತವೆ.

ಕೊನೆಯ ವಾರದಲ್ಲಿ ದೂರವನ್ನು ಅರ್ಧಕ್ಕಿಳಿಸಿ, ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಪರೀಕ್ಷೆಯ ದಿನ ಗುಂಪಿನ ರಭಸಕ್ಕೆ ಸಿಕ್ಕಿ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸಿದವರು ಮೂರನೆಯ ಸುತ್ತಿನಲ್ಲಿ ಕುಸಿಯುತ್ತಾರೆ; 95ರ ಲಯವನ್ನು ಹಿಡಿದು, ಉಳಿದ ಶಕ್ತಿಯನ್ನು ಕೊನೆಯ 200 ಮೀಟರಿಗೆ ಕಾದಿಟ್ಟುಕೊಳ್ಳಿ.