ಬೆವರು ಕಾಣದ ಬೆಟ್ಟದ ದಾರಿಯಲ್ಲಿ

ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಅಲ್ಲಿಂದ ಟೂಸಾನ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದು ಸೈಕಲ್ ಮೂಲೆ ಸೇರುವ ತಿಂಗಳುಗಳಲ್ಲಿ ಸವಾರರು ತಂಡ ಕಟ್ಟಿಕೊಂಡು ಈ ಸೊನೋರನ್ ಮರುಭೂಮಿಗೆ ಬರುತ್ತಾರೆ. ಫೆಬ್ರವರಿಯಲ್ಲಿ ನಾನೂ ಅಂಥದ್ದೊಂದು ನಾಲ್ಕು ದಿನದ ಕ್ಯಾಂಪ್ ಸೇರಿದ್ದೆ. ಇದು ಅದರ ಮೂರನೆಯ ದಿನದ ಕಥೆ, ಟೂಸಾನ್ ಪಕ್ಕದ ಮೌಂಟ್ ಲೆಮ್ಮನ್ ಬೆಟ್ಟ ಹತ್ತಿದ ದಿನ.

ಬೆಳಿಗ್ಗೆ ಏಳೂವರೆಗೆ ಹೊರಟಾಗ ಆರು ಡಿಗ್ರಿ ಚಳಿ. ಒಂಬತ್ತು ಜನ ಇಬ್ಬಿಬ್ಬರಂತೆ ಸಾಲಾಗಿ ಹೊರಟೆವು. ಬೆಟ್ಟದ ಬುಡದವರೆಗೆ ಹೆಚ್ಚುಕಡಿಮೆ ಸಮತಟ್ಟು ರಸ್ತೆ, ಎದುರುಗಾಳಿ. ಮುಂದಿನವರ ಚಕ್ರಕ್ಕೆ ಎರಡು ಅಡಿ ದೂರದಲ್ಲಿ ಅಂಟಿಕೊಂಡು ಹೋದರೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಆದರೆ ಕಣ್ಣು ಆ ಚಕ್ರದ ಮೇಲೇ ನೆಟ್ಟರೆ ಅಪಾಯ. ಮುಂದಿನವರ ಭುಜದಾಚೆ ನೋಡುತ್ತಿರಬೇಕು, ದಿಢೀರ್ ಬ್ರೇಕ್ ಹಿಡಿಯಬಾರದು, ಗುಂಡಿ ಕಂಡರೆ ಕೈ ತೋರಿಸಿ ಹಿಂದಿನವರಿಗೆ ಕೂಗಿ ಹೇಳಬೇಕು. ಮುಂದೆ ಎಳೆಯುವ ಸರದಿ ಬಂದಾಗ ವೇಗ ಏರಿಸಿ ಶಕ್ತಿ ತೋರಿಸುವವರು ಸಾಲನ್ನು ಕಡಿದುಹಾಕುತ್ತಾರೆ. ಎರಡು ನಿಮಿಷ ಅದೇ ವೇಗದಲ್ಲಿ ಎಳೆದು ಪಕ್ಕಕ್ಕೆ ಸರಿದು ಹಿಂದೆ ಹೋಗುವವರೇ ಒಳ್ಳೆಯ ಜೊತೆಗಾರರು.

ಒಂದು ಕಡೆ ನಾನು ರಸ್ತೆಯಂಚಿನ ಮಣ್ಣಿಗೆ ಸರಿದೆ. ಐದೇ ನಿಮಿಷಕ್ಕೆ ಹಿಂದಿನ ಚಕ್ರದಿಂದ ಬುಸ್ಸೆಂದು ಸದ್ದು. ಟಯರಿನಲ್ಲಿ ಕಡಲೆಗಾತ್ರದ, ಎರಡು ಕೊಂಬಿನ ಒಣಮುಳ್ಳು ನಾಟಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು: ನಮ್ಮ ನೆಗ್ಗಿಲು ಮುಳ್ಳು! ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ಬಳ್ಳಿ ಇಲ್ಲೂ ಹಬ್ಬಿದೆ. ಆಡಿನ ತಲೆಯಂತೆ ಕಾಣುತ್ತದೆಂದು ಇಲ್ಲಿನವರು ಗೋಟ್‌ಹೆಡ್ ಎನ್ನುತ್ತಾರೆ. ಟ್ಯೂಬ್‌ಲೆಸ್ ಟಯರಿಗೆ ಸೀಲಂಟ್ ಹಾಕಿಸಿದ್ದರಿಂದ ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದೆ. ಬಿಳಿ ದ್ರವ ಗುಳ್ಳೆಗಟ್ಟಿ ತೂತು ಮುಚ್ಚಿಕೊಂಡಿತು. ಮರುಭೂಮಿಗೆ ಬರುವವರು ಟ್ಯೂಬ್ ನೆಚ್ಚಿಕೊಂಡು ಬರಬೇಡಿ.

ಬುಡದಿಂದ ಸಮ್ಮರ್‌ಹೇವನ್ ಎಂಬ ಪುಟ್ಟ ಹಳ್ಳಿಗೆ ಸುಮಾರು 40 ಕಿ.ಮೀ. ಏರು. ನಮ್ಮ ನಂದಿ ಬೆಟ್ಟ ಏಳೆಂಟು ಕಿ.ಮೀ.ಯಲ್ಲಿ, ಕೊನೆಯ ತಿರುವುಗಳಲ್ಲಿ ಉಸಿರು ಕಿತ್ತು, ಮುಗಿದುಹೋಗುತ್ತದೆ. ಇದು ಹಾಗಲ್ಲ. ಏರು ಸೌಮ್ಯ, ಆದರೆ ಮುಗಿಯುವುದೇ ಇಲ್ಲ. ಕೈ ಎತ್ತಿ ನಿಂತ ಸಗ್ವಾರೊ ಕಳ್ಳಿಗಳು ಮೊದಲ ಕೆಲವು ಮೈಲಿಗೇ ಹಿಂದೆ ಉಳಿಯುತ್ತವೆ. ಆಮೇಲೆ ಓಕ್, ಕೊನೆಗೆ ಪೈನ್ ಕಾಡು. ಮೆಕ್ಸಿಕೋದಿಂದ ಕೆನಡಾಗೆ ಹೋದಂತೆ ಎನ್ನುತ್ತಾರೆ ಊರಿನವರು. ಹತ್ತಿ ನೋಡಿದರೆ ಅದು ಉತ್ಪ್ರೇಕ್ಷೆ ಅನಿಸುವುದಿಲ್ಲ.

7ನೇ ಮೈಲಿಯ ಹತ್ತಿರ ಎಲ್ಲರೂ ಒಟ್ಟಾಗಲು ನಿಂತೆವು. ಆ ಜಾಗಕ್ಕೆ ಗೋರ್ಡನ್ ಹಿರಬಯಾಶಿ ಎಂಬಾತನ ಹೆಸರಿಟ್ಟಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರ ಮೇಲೆ ಹೇರಿದ್ದ ಕರ್ಫ್ಯೂ, ಬಲವಂತದ ಸ್ಥಳಾಂತರಗಳನ್ನು ಒಪ್ಪದೆ ಶಿಕ್ಷೆಗೆ ಗುರಿಯಾದ ಅಮೆರಿಕನ್ ವಿದ್ಯಾರ್ಥಿ ಆತ. ಇಲ್ಲಿದ್ದ ಕೈದಿಗಳ ಶಿಬಿರಕ್ಕೆ ಬರಲು ಸರ್ಕಾರ ಪ್ರಯಾಣದ ಖರ್ಚು ಕೊಡದಿದ್ದಾಗ, ದಾರಿಯಲ್ಲಿ ಸಿಕ್ಕವರ ಗಾಡಿ ಹತ್ತಿಕೊಂಡು ತಾನೇ ಬಂದು ಸೇರಿದನಂತೆ. 1987ರ ಹೊತ್ತಿಗೆ ನ್ಯಾಯಾಲಯಗಳು ಆ ಶಿಕ್ಷೆಗಳನ್ನು ರದ್ದು ಮಾಡಿದ್ದವು. ನಾವು ಸುಖವಾಗಿ ಪೆಡಲ್ ತುಳಿಯುವ ಈ ರಸ್ತೆಯನ್ನು ಕಡಿದು ಮಾಡಿದ್ದು ಕೈದಿಗಳೇ. ಅಲ್ಲಿಂದ ಹೊರಟ ಮೇಲೆ ಸ್ವಲ್ಪ ಹೊತ್ತು ಯಾರೊಡನೆಯೂ ಮಾತಾಡಬೇಕೆನಿಸಲಿಲ್ಲ.

ನಾನು ಎಡವಿದ್ದು ಅಲ್ಲಿಂದ ಮುಂದೆ. ಬೆಂಗಳೂರಿನಲ್ಲಿ ಏರು ಹತ್ತಿದರೆ ಬೆವರು ಹುಬ್ಬಿನಿಂದ ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತದೆ. ನೀರು ಕುಡಿಯಲು ಅದೇ ಸೂಚನೆ. ಇಲ್ಲಿನ ಒಣಹವೆಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. ಮೈ ಒಣಗಿದೆ, ತಂಪಾಗಿದೆ, ಬಾಯಾರಿಕೆಯೂ ಇಲ್ಲ. ಹಾಗಾಗಿ ಬಾಟಲಿಗೆ ಕೈ ಹಾಕಲೇ ಇಲ್ಲ. 14ನೇ ಮೈಲಿಯ ವಿಂಡಿ ಪಾಯಿಂಟ್, ಅಂದರೆ ಸುಮಾರು 2,000 ಮೀಟರ್ ಎತ್ತರ, ತಲುಪುವಷ್ಟರಲ್ಲಿ ಹಣೆಯ ಎರಡೂ ಬದಿ ಸಿಡಿಯುತ್ತಿತ್ತು. ಅದೇ ಗೇರ್ ಎರಡರಷ್ಟು ಭಾರ. ಪಕ್ಕಕ್ಕೆ ಬಂದ ಹುಬ್ಬಳ್ಳಿಯ ಹುಡುಗ, ನಮ್ಮ ಗುಂಪಿನ ಇನ್ನೊಬ್ಬ ಕನ್ನಡಿಗ, ನನ್ನ ಸೈಕಲ್ ಕಡೆ ನೋಡಿದ.

"ಅಣ್ಣಾರ, ಬಾಟ್ಲಿ ಹಂಗ ಐತಲ್ರೀ! ಮೊದ್ಲ ನೀರ ಕುಡೀರಿ."

ತೋಳು ನೋಡಿಕೊಂಡರೆ ಕಪ್ಪು ಜೆರ್ಸಿಯ ಮೇಲೆ ಕೆರೆದಂಡೆಯ ಉಪ್ಪಿನಂತೆ ಬಿಳಿ ಗೆರೆಗಳು. ಬೆವರು ಬಂದೇ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೆ. ಕ್ಯಾಂಪಿನ ವ್ಯಾನ್ ಅಲ್ಲೇ ನಿಂತಿತ್ತು. ಉಪ್ಪು ಸಕ್ಕರೆ ಬೆರೆತ ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿದು, ಬಾಳೆಹಣ್ಣು ತಿಂದು, ಕಾಲು ಗಂಟೆ ನೆರಳಲ್ಲಿ ಕೂತೆ. ಆ ಹುಡುಗ ತಾನೂ ನಿಂತ. ಉಳಿದ ದಾರಿಯುದ್ದಕ್ಕೂ ತನ್ನ ವೇಗ ತಗ್ಗಿಸಿಕೊಂಡು ನನ್ನ ಮುಂದೆಯೇ ಹೋದ. ಗುಂಪಿನಲ್ಲಿ ಹೋಗುವುದರ ಬೆಲೆ ನನಗೆ ಗಾಳಿ ತಡೆದದ್ದಕ್ಕಿಂತ ಹೆಚ್ಚಾಗಿ ಗೊತ್ತಾದದ್ದು ಆಗ.

ಮೇಲೆ ರಸ್ತೆಯ ನೆರಳಿನಂಚಿನಲ್ಲಿ ಹಳೆಯ ಹಿಮ. ಸಮ್ಮರ್‌ಹೇವನ್‌ನಲ್ಲಿ ಬಿಸಿ ಸೂಪ್ ಕುಡಿದು, ವ್ಯಾನಿನಲ್ಲಿ ಇಟ್ಟಿದ್ದ ಜಾಕೆಟ್, ಪೂರ್ತಿ ಬೆರಳಿನ ಗ್ಲೋವ್ಸ್ ಹಾಕಿಕೊಂಡೆ. ಇಳಿಯುವಾಗ ಪೆಡಲ್ ತುಳಿತವಿಲ್ಲ, ಮೈ ಕಾಯುವುದಿಲ್ಲ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಹೇಗೆ? ಇಳಿಜಾರಿನಲ್ಲಿ ಒಬ್ಬರಿಗೊಬ್ಬರು ದೂರ ಬಿಟ್ಟು, ತಿರುವಿಗೆ ಮೊದಲೇ ವೇಗ ಇಳಿಸಿ ಬಂದೆವು. ಸಗ್ವಾರೊಗಳು ಮತ್ತೆ ಕಾಣಿಸಿದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು, ಜಾಕೆಟ್ ಬಿಚ್ಚಿದೆ.

ಮೋಟೆಲ್‌ನಲ್ಲಿ ತಕ್ಕಡಿ ಹತ್ತಿದೆ. ಬೆಳಿಗ್ಗೆ 74.2 ಕೆ.ಜಿ., ಸಂಜೆ 72.1. ಅಷ್ಟೆಲ್ಲ ಕುಡಿದ ಮೇಲೂ ಹೆಚ್ಚುಕಡಿಮೆ ಎರಡು ಲೀಟರ್ ಸಾಲ. ರಾತ್ರಿ ಸೈಕಲ್ ಕಂಪ್ಯೂಟರಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಕೂಗುವ ಅಲಾರಂ ಇಟ್ಟೆ. ಮರುದಿನ ಅದು ಕೂಗಿದಾಗಲೆಲ್ಲ ಹುಬ್ಬಳ್ಳಿಯ ಹುಡುಗ ತನ್ನ ಬಾಟಲಿಯನ್ನೂ ಎತ್ತುತ್ತಿದ್ದ.